ನೀಲಿಯ ಪಾಲಿನ ಲೆಕ್ಕ

“ಗುರುಗಳೇ, ಗಂಡ ಹೆಂಡತಿ ಬೇರೆಯಾದ ಮೇಲೆ ಮಗುವಿನ ಖರ್ಚಿಗೆ ಗಂಡ ಎಷ್ಟು ಕೊಡಬೇಕು? ನನ್ನಿಂದ ಹೆಚ್ಚು ಕೇಳುತ್ತಿದ್ದಾರೆ. ಮಗು ಇರುವುದು ಅವಳ ಬಳಿ. ಅವಳೂ ದುಡಿಯುತ್ತಾಳೆ. ಇದು ಯಾವ ನ್ಯಾಯ?” ಎಂದು ಸೋಮಲಿಂಗ ಎಂಬ ಶಿಷ್ಯ ಕೇಳಿದ.

ಗುರು ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಪಾತ್ರೆ ವ್ಯಾಪಾರಿಯಿದ್ದ. ಅವನೂ ಅವನ ಹೆಂಡತಿಯೂ ಬೇರೆಯಾದರು. ಅವರಿಗೆ ನೀಲಿ ಎಂಬ ಏಳು ವರ್ಷದ ಮಗಳು. ನೀಲಿ ತಾಯಿಯ ಜೊತೆ ಹೋದಳು. ತಾಯಿ ಮುತ್ತುಗದ ಎಲೆ ಹಚ್ಚಿ, ಊಟದೆಲೆ ಮಾರಿ ಬದುಕತೊಡಗಿದಳು.

ಮಗುವಿನ ಖರ್ಚಿನ ಮಾತು ಪೇಟೆಯ ನ್ಯಾಯಾಧಿಕಾರಿಯ ಮುಂದೆ ಬಂತು. ಅವನು ಮೂರು ಸಂಗತಿ ಕೇಳಿದ. ಮಗುವಿಗೆ ತಿಂಗಳಿಗೆ ಎಷ್ಟು ಬೇಕು? ತಂದೆ ತಾಯಿಯರ ದುಡಿಮೆ ಎಷ್ಟೆಷ್ಟು? ಮಗು ಯಾರ ಮನೆಯಲ್ಲಿ ಎಷ್ಟು ದಿನ ಇರುತ್ತದೆ?

ಹನ್ನೆರಡು ರೂಪಾಯಿ ಬೇಕೆಂದಳು ತಾಯಿ. ತನ್ನ ದುಡಿಮೆ ಎಂಟು ರೂಪಾಯಿ ಎಂದಳು. ಅದು ನಿಜವಾಗಿತ್ತು. ವ್ಯಾಪಾರಿ ಅಂಗಡಿಯನ್ನು ಆಗಲೇ ತಮ್ಮನ ಹೆಸರಿಗೆ ಬರೆದಿದ್ದ. “ನಾನು ಅಲ್ಲಿ ಸಂಬಳದ ಆಳು. ನನಗೂ ಎಂಟೇ,” ಎಂದ.

ದುಡಿಮೆ ಸಮ ಎಂದ ಮೇಲೆ ಖರ್ಚೂ ಸಮ. ಆರು ರೂಪಾಯಿ ಅವನ ಪಾಲಿಗೆ ಬಂತು. ತಿಂಗಳಿಗೆ ಐದು ದಿನ ಮಗು ಅವನಲ್ಲಿ ಇರುವುದರಿಂದ, ಆ ದಿನಗಳ ಊಟಕ್ಕೆ ಎರಡು ರೂಪಾಯಿ ಕಳೆದು, ನಾಲ್ಕು ಕೊಡಬೇಕೆಂದು ತೀರ್ಪಾಯಿತು.

ವ್ಯಾಪಾರಿ ದಾರಿಯುದ್ದಕ್ಕೂ ಯೋಚಿಸಿದ. ಐದು ದಿನಕ್ಕೆ ಎರಡು ಕಳೆದರೆ, ಹದಿನೈದು ದಿನಕ್ಕೆ ಆರೂ ಕಳೆಯುತ್ತದೆ. ಮರುತಿಂಗಳು ಅವನು ಮಗಳ ಮೇಲೆ ಪ್ರೀತಿ ಉಕ್ಕಿದವನಂತೆ ಬಂದು ಹದಿನೈದು ದಿನ ಕೇಳಿದ. ನ್ಯಾಯಾಧಿಕಾರಿ ಒಪ್ಪಿದ. ಅಂದಿನಿಂದ ತಾಯಿಯ ಕೈಗೆ ಒಂದು ಕಾಸೂ ಬರಲಿಲ್ಲ.

ಮೂರು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ನೀಲಿ ಅರ್ಧ ರೊಟ್ಟಿ ತಿಂದು ತಟ್ಟೆ ಸರಿಸಿದಳು. ಅವಳ ಹೊಟ್ಟೆ ಬೆನ್ನಿಗೆ ಹತ್ತಿತ್ತು. ತಾಯಿ ಇನ್ನರ್ಧ ಮುಂದಿಟ್ಟಳು.

“ಬೇಡವ್ವಾ. ಹೆಚ್ಚು ತಿಂದರೆ ಅಪ್ಪ ಬರೆದಿಡುತ್ತಾನೆ,” ಎಂದಳು ನೀಲಿ.

ತಾಯಿ ಒಂದೊಂದಾಗಿ ಕೇಳಿ ತಿಳಿದಳು. ಅಪ್ಪನ ಬಳಿ ಇದ್ದ ದಿನಗಳಲ್ಲಿ ನೀಲಿಯನ್ನು ಬೆಳಗಿನಿಂದ ಸಂಜೆಯ ತನಕ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರಿಸುತ್ತಿದ್ದರು. ಊಟ ಒಂದೇ ಹೊತ್ತು. ಅದನ್ನೂ ಅವಳ ಎದುರಿಗೇ ಖರ್ಚಿನ ಲೆಕ್ಕಕ್ಕೆ ಬರೆಯುತ್ತಿದ್ದರು.

ತಾಯಿಯ ಮೈ ಉರಿಯಿತು. ಹಚ್ಚುತ್ತಿದ್ದ ಎಲೆಯನ್ನು ಅಲ್ಲೇ ಬಿಟ್ಟು, ಮಗಳ ಕೈ ಹಿಡಿದು, ನ್ಯಾಯಾಧಿಕಾರಿಯ ಮನೆಗೆ ನಡೆದಳು. ಅವನು ಊಟಕ್ಕೆ ಕುಳಿತಿದ್ದ. ಅವಳು ಕಾಯಲಿಲ್ಲ.

“ಅವನು ಹೇಳಿದ ದುಡಿಮೆ ಬರೆದುಕೊಂಡಿರಿ, ಅವನು ಹೇಳಿದ ದಿನ ಬರೆದುಕೊಂಡಿರಿ. ಇವಳ ಮುಖವನ್ನು ಒಂದು ಸಲವಾದರೂ ನೋಡಿದಿರಾ? ಈಗ ನೋಡಿ,” ಎಂದಳು. ಮಗಳನ್ನು ಅವನ ಎಲೆಯ ಮುಂದೆಯೇ ನಿಲ್ಲಿಸಿದಳು.

ನ್ಯಾಯಾಧಿಕಾರಿ ನೋಡಿದ. ಕೈ ತೊಳೆದು ಎದ್ದ. ತನ್ನ ಮೇಲಿನ ಸಿಟ್ಟನ್ನೂ ಹೊತ್ತುಕೊಂಡು ನೇರವಾಗಿ ವ್ಯಾಪಾರಿಯ ಮನೆಗೆ ಹೋದ. ಅಂಗಡಿಯ ಪುಸ್ತಕ ಕೇಳಲಿಲ್ಲ. ಅಡುಗೆಮನೆಯ ತುಪ್ಪದ ಡಬ್ಬ ನೋಡಿದ, ಕೊಟ್ಟಿಗೆಯ ಕುದುರೆ ನೋಡಿದ, ಇಬ್ಬರು ಆಳುಗಳ ಸಂಬಳ ವಿಚಾರಿಸಿದ.

“ಎಂಟು ರೂಪಾಯಿಯವನ ಮನೆ ಹೀಗೆ ನಡೆಯುವುದಿಲ್ಲ,” ಎಂದ. “ಈ ಮನೆಗೆ ತಿಂಗಳಿಗೆ ನಲವತ್ತು ಬೇಕು. ಅದೇ ನಿನ್ನ ದುಡಿಮೆ. ನಿನ್ನ ಮಗಳು ನಿನ್ನಂತೆಯೇ ಉಣ್ಣಬೇಕಾದರೆ ಅವಳಿಗೆ ಬೇಕಾದದ್ದು ಹನ್ನೆರಡಲ್ಲ, ಇಪ್ಪತ್ತನಾಲ್ಕು. ನಿನ್ನ ನಲವತ್ತಕ್ಕೆ ಅವಳ ತಾಯಿಯದು ಎಂಟು. ಒಟ್ಟು ನಲವತ್ತೆಂಟರ ಆರು ಪಾಲಿನಲ್ಲಿ ಐದು ನಿನ್ನದು. ತಿಂಗಳಿಗೆ ಇಪ್ಪತ್ತು ಕೊಡು. ಕೋಣೆಯಲ್ಲಿ ಕೂರಿಸಿದ ದಿನ ಸಾಕಿದ ದಿನವಲ್ಲ. ಅದಕ್ಕೆ ಏನೂ ಕಳೆಯುವುದಿಲ್ಲ. ಇನ್ನು ಮಗು ತಾಯಿಯ ಬಳಿಯೇ ಇರುತ್ತದೆ.”

ವ್ಯಾಪಾರಿ ಹಲ್ಲು ಕಡಿಯುತ್ತಲೇ ಒಪ್ಪಿದ. ಪ್ರತಿ ತಿಂಗಳೂ ಇಪ್ಪತ್ತು ರೂಪಾಯಿ ಬಂತು. ಮನೆಗೆ ಹಾಲು ಬಂತು, ನೀಲಿಗೆ ಎರಡು ಹೊಸ ಲಂಗ ಬಂದವು. ಆದರೆ ಒಂದು ವರ್ಷದವರೆಗೆ ಅವಳು ಪ್ರತಿ ತುತ್ತಿಗೂ ಮೊದಲು ತಾಯಿಯ ಮುಖ ನೋಡಿ, “ಇದನ್ನು ಬರೆಯುತ್ತೀಯಾ?” ಎಂದು ಕೇಳುತ್ತಿದ್ದಳು. ತಾಯಿ ಇಲ್ಲವೆಂದು ಹೇಳಿ, ಇನ್ನೊಂದು ರೊಟ್ಟಿ ಅವಳ ತಟ್ಟೆಗೆ ಹಾಕುತ್ತಿದ್ದಳು.

ಗುರು ಕತೆ ಮುಗಿಸಿದರು. ಸೋಮಲಿಂಗ ಸ್ವಲ್ಪ ಹೊತ್ತು ಬೆರಳು ಮಡಿಚಿದ, ಬಿಡಿಸಿದ. “ಹಾಗಾದರೆ ನನ್ನ ಪಾಲು ಆರರಲ್ಲಿ ಎಷ್ಟಾಗುತ್ತದೆ, ಗುರುಗಳೇ?” ಎಂದ.

ಗುರು ಅವನನ್ನೇ ನೋಡಿ ಹೇಳಿದರು: “ಇಷ್ಟು ಹೊತ್ತಾದರೂ ನಿನ್ನ ಮಗುವಿನ ಹೆಸರು ನಿನ್ನ ಬಾಯಿಂದ ಬರಲಿಲ್ಲ.”