ಬೊಮ್ಮಿ ಮತ್ತು ಕೊನೆಯ ಎಲೆ

ಊಟದ ಪಂಕ್ತಿಯಲ್ಲಿ ತೀರಾ ಕೊನೆಗೆ ಹಾಕುವ ಎಲೆಗೆ ನಮ್ಮೂರಲ್ಲಿ ಒಂದು ಹೆಸರಿತ್ತು. ಬಾಲ... ಅಲ್ಲ. ತುದಿ... ಅದೂ ಅಲ್ಲ. ನಾಲಿಗೆಯ ತನಕ ಬಂದು ವಾಪಸು ಹೋಗುತ್ತಿದೆ. ಈ ಜಬಲ್ಪುರದಲ್ಲಿ ಯಾರನ್ನು ಕೇಳಲಿ, ಇಂಪನಾ? ಹೋಗಲಿ, ಕೊನೆಯ ಎಲೆ ಅಂತಲೇ ಅನ್ನೋಣ.

ಭೂಮಿಗೆ ಬಳಿದ ಬಣ್ಣ ಇನ್ನೂ ಒಣಗಿರಲಿಲ್ಲ. ಮುಟ್ಟಿದರೆ ಕೈಗೆ ಹತ್ತುತ್ತಿತ್ತು. ಆಗ ನಾಯಿಗಳೆಲ್ಲ ಒಂದೇ ಥರ. ಒಂದೇ ಮೈ, ಒಂದೇ ಮೂತಿ. ಗುಣ ಮಾತ್ರ ಒಂದಕ್ಕೂ ಇರಲಿಲ್ಲ.

ಸಂಜೆ ಮನುಷ್ಯರು ಬಂದು ತಮಗೆ ಬೇಕಾದ ನಾಯಿಯನ್ನು ಆರಿಸಿಕೊಳ್ಳುವವರಿದ್ದರು. ಗುಣವಿಲ್ಲದ ನಾಯಿ ಯಾರಿಗೆ ಬೇಕು? ಅದಕ್ಕೆ ಭೂಮಿತಾಯಿ ಗುಣಗಳನ್ನು ಅಡುಗೆ ಮಾಡಿದಳು. ಒಂದು ಪಾತ್ರೆಯಲ್ಲಿ ಓಟ, ಒಂದರಲ್ಲಿ ಬೊಗಳು, ಒಂದರಲ್ಲಿ ಹಸಿವು, ಒಂದರಲ್ಲಿ ಅಕ್ಕರೆ. ಬಡಿಸಲು ಗಾಳಿಯನ್ನು ಕರೆದಳು.

“ಕೊನೆಯ ಎಲೆಗೆ ಬಡಿಸುವವರೆಗೆ ಯಾರೂ ಬಾಯಿ ಹಾಕಬಾರದು” ಎಂದು ನಾಯಿಗಳಿಗೆ ಹೇಳಿದಳು.

ಆ ನಾಯಿಗಳಲ್ಲಿ ಬೊಮ್ಮಿ ಎಂಬುವಳೊಬ್ಬಳು. ಮಲಗಲು ಒಂದು ಹೊಸಿಲು ಸಿಕ್ಕರೆ ಸಾಕು, ಅಷ್ಟೇ ಅವಳ ಆಸೆ. ಒಳ್ಳೆಯ ಜಾಗದಲ್ಲೇ ಕೂರಬೇಕೆಂದು ಸುತ್ತಿದಳು. ಮತ್ತೊಮ್ಮೆ ಸುತ್ತಿದಳು. ಮೂರನೆಯ ಸುತ್ತು ಮುಗಿಯುವಷ್ಟರಲ್ಲಿ ಜಾಗವೆಲ್ಲ ತುಂಬಿ, ಕೊನೆಯ ಎಲೆಯೊಂದೇ ಉಳಿದಿತ್ತು.

ಗಾಳಿ ಬಡಿಸುತ್ತ ಹೊರಟ. ಮೊದಲು ಕೂತಿದ್ದು ಮುಧೋಳದ ನಾಯಿಯ ಮುತ್ತಜ್ಜ. ಓಟವನ್ನು ಎರಡೆರಡು ಸಲ ಹಾಕಿಸಿಕೊಂಡ. ಮೈ ಬಿಲ್ಲಿನಂತೆ ಬಳುಕಿತು. ಅಕ್ಕರೆ ಬಂದಾಗ ಎರಡೂ ಮುಂಗಾಲು ಎಲೆಗೆ ಅಡ್ಡ ಹಿಡಿದು “ನನಗೆ ಇದು ಒಗ್ಗಲ್ಲ” ಎಂದ. ಸಂದಿಯಿಂದ ಒಂದೇ ತೊಟ್ಟು ಬಿತ್ತು. ಒಬ್ಬ ಯಜಮಾನನಿಗೆ ಸಾಲುವಷ್ಟು.

ಪಮೇರಿಯನ್‌ನ ಮುತ್ತಜ್ಜಿ ಬೊಗಳು ಕಂಡಕೂಡಲೇ “ಸಾಕು! ಸಾಕು!” ಎಂದಳು.

“ಅಯ್ಯೋ ಅಕ್ಕಾ, ಸಂಕೋಚ ಮಾಡ್ಕೋಬೇಡಿ” ಎಂದು ಗಾಳಿ ಇನ್ನೊಂದು ಸೌಟು ಹಾಕಿದ.

“ಬೇಡ ಅಂದೆನಲ್ಲಾ!”

“ನನ್ನ ಕೈಯಿಂದ ಒಂದೇ ಒಂದು!” ಎಂದು ಮತ್ತೊಂದು ಸೌಟು.

ಬೇಡವೆಂದಷ್ಟೂ ಬಡಿಸಿದ. ಅವಳು ಇವತ್ತಿಗೂ ಬೊಗಳುವುದನ್ನು ನಿಲ್ಲಿಸಿಲ್ಲ.

ಲ್ಯಾಬ್ರಡಾರಿನ ಅಜ್ಜ ಯಾವುದಕ್ಕೂ ಸಾಕು ಅನ್ನಲಿಲ್ಲ. ಹಸಿವು ಮೂರು ಸೌಟು, ಅಕ್ಕರೆ ಮೂರು ಸೌಟು. ಪಗ್ ಕೊನೆಯ ಎಲೆಯವರೆಗೂ ಕಾಯದೆ ಬಾಯಿ ಹಾಕಿತು. ಭೂಮಿತಾಯಿ ಸೌಟಿನಿಂದ ಮೂತಿಗೆ ಒಂದು ಕೊಟ್ಟಳು. ಮೆಲ್ಲಗೇ ಕೊಟ್ಟಿದ್ದು. ಆದರೂ ಚಪ್ಪಟೆಯಾಯಿತು.

ಬೊಮ್ಮಿಯ ಹತ್ತಿರ ಬರುವ ಹೊತ್ತಿಗೆ ಪಾತ್ರೆಗಳೆಲ್ಲ ಖಾಲಿ.

“ತಾಯಿ, ಮುಗೀತು” ಎಂದು ಗಾಳಿ ತಲೆ ಕೆರೆದುಕೊಂಡ.

“ಎಲೆ ಹಾಕಿ ಕೂರಿಸಿದವರನ್ನು ಬರಿ ಹೊಟ್ಟೆಯಲ್ಲಿ ಏಳಿಸ್ತೀಯೇನೋ?” ಎಂದು ಭೂಮಿತಾಯಿ ಎಲ್ಲ ಪಾತ್ರೆಗಳ ತಳ ಕೆರೆದು, ಎಲ್ಲವನ್ನೂ ಕಲಸಿ, ಒಂದು ದೊಡ್ಡ ಉಂಡೆ ಮಾಡಿ ಹಾಕಿದಳು. ಬೊಮ್ಮಿ ಎಲೆಯನ್ನೂ ನೆಕ್ಕಿದಳು.

ಸಂಜೆ ಮನುಷ್ಯರು ಬಂದರು. ಲ್ಯಾಬ್ರಡಾರಿನ ಮುಂದೆ ನೂಕುನುಗ್ಗಲು. “ಕಳ್ಳ ಬಂದರೂ ಬಾಲ ಅಲ್ಲಾಡಿಸ್ತಾನಲ್ಲ!” ಎಂದು ಒಬ್ಬ ಗೊಣಗಿದ. ಕೇಳುವವರೇ ಇಲ್ಲ.

ಬೊಮ್ಮಿಯ ಹತ್ತಿರ ತಿಪ್ಪವ್ವ ಎಂಬ ಮುದುಕಿ ಬಂದಳು. ಬೊಮ್ಮಿ ಬೊಗಳಿದಳು. “ಭಲೇ, ಮನೆ ಕಾಯ್ತದೆ” ಎಂದಳು ತಿಪ್ಪವ್ವ. ಅಷ್ಟರಲ್ಲಿ ಬೊಮ್ಮಿ ಅವಳ ಕಾಲು ನೆಕ್ಕಿ, ಕೋಳಿಯೊಂದರ ಹಿಂದೆ ಓಡಿ, ವಾಪಸು ಬಂದು ಅಂಗಾತ ಮಲಗಿದಳು.

“ಇದೇನವ್ವಾ, ಗಳಿಗೆಗೊಂದು ಬುದ್ಧಿ! ನನ್ನ ಸೊಸೆನೇ ಸಾಕು ನನಗೆ” ಎಂದು ತಿಪ್ಪವ್ವ ಹೊರಟುಹೋದಳು. ಹಿಂದೆ ಬಂದವರೂ ಹಾಗೇ ಹೋದರು.

ಎಲ್ಲ ನಾಯಿಗಳಿಗೂ ಮನೆಯಾಯಿತು. ಬೊಮ್ಮಿ ಬಾಲ ಮುದುರಿಕೊಂಡು, ಪಾತ್ರೆ ತಿಕ್ಕುತ್ತಿದ್ದ ಭೂಮಿತಾಯಿಯ ಬಳಿ ಬಂದಳು.

“ಅವ್ವಾ, ಎಲ್ಲಾ ಗುಣ ಕೊಟ್ಟೆ. ಹೊಸಿಲು ಮಾತ್ರ ಸಿಗಲಿಲ್ಲ.”

ಭೂಮಿತಾಯಿ ಕೈ ತೊಳೆದು ಅವಳ ಕಿವಿ ಸವರಿದಳು. “ಅವರಿಗೆಲ್ಲ ಬಡಿಸಿದ್ದು ಒಂದು ಮನೆಗೆ ಆಗುವಷ್ಟು ಗುಣ, ಮಗಳೇ. ನಿನ್ನ ಎಲೆಗೆ ಬಿದ್ದಿದ್ದು ಒಂದು ಕೇರಿಗೆ ಆಗುವಷ್ಟು. ಒಂದು ಹೊಸಿಲ ಮೇಲೆ ಹೇಗೆ ಹಿಡಿಸ್ತೀಯ?”

ಬೊಮ್ಮಿ ಕೇರಿಗೆ ಹೋದಳು. ಯಾವ ಬಾಗಿಲೂ ಹತ್ತಿರವಾಗದಂತೆ, ಯಾವುದೂ ದೂರವಾಗದಂತೆ, ನಡುಬೀದಿಯಲ್ಲಿ ಮೂರು ಸುತ್ತು ಸುತ್ತಿ ಮಲಗಿದಳು. ಆ ವಾರವೇ ಒಬ್ಬ ಕಳ್ಳನನ್ನು ಬೇಲಿ ದಾಟಿಸಿದಳು. ಅಳುವ ಕೂಸನ್ನು ಬಾಲ ತೋರಿಸಿ ನಗಿಸಿದಳು. ತಿಪ್ಪವ್ವನೇ ಮೊದಲು ರೊಟ್ಟಿ ತಂದಳು. ಪಕ್ಕದ ಮನೆಯವನು “ನಮ್ಮ ನಾಯಿಗೆ ನೀ ಯಾಕೆ ಹಾಕ್ತೀ?” ಎಂದ.

“ನಿಮ್ಮದಂತೆ! ಯಾವಾಗಿನಿಂದ?” ಎಂದು ತಿಪ್ಪವ್ವ ಸೆರಗು ಬಿಗಿದಳು.

ಅದಕ್ಕೇ, ಬೊಮ್ಮಿಯ ವಂಶದ ನಮ್ಮ ಓಣಿಯ ಕಂದು ನಾಯಿಗೆ ಮನೆಗೊಂದು ಹೆಸರು. ಹಾರ್ನ್ ಹೊಡೆದರೂ ಅವಳು ನಡುಬೀದಿಯಿಂದ ಏಳುವುದಿಲ್ಲ. ತನ್ನ ಮನೆಯೊಳಗೆ ಮಲಗಿದವಳು ಯಾಕೆ ಏಳಬೇಕು?

ಇಂಪನಾ, ಮೊಬೈಲು ಕೆಳಗಿಡು ಪುಟ್ಟಿ. ಆ ಎಲೆಯ ಹೆಸರಿನ ಹಾಗೆ ಈ ಕಥೆಯನ್ನೂ ನಾನು ಮರೆಯುವ ಮೊದಲು ಕನ್ನಡದಲ್ಲಿ ಬರೆದಿಡು.