ಬಾವಿಯ ಸುತ್ತಲಿನ ಗೋಡೆ

“ದೊಡ್ಡವರಲ್ಲಿ ಕಲಿಯುವ ಆಸೆ ಹುಟ್ಟಿಸುವುದು ಹೇಗೆ, ಆಚಾರ್ರೇ?”

ಕೇಳಿದವಳು ದಾಕ್ಷಾಯಿಣಿ. ಪಕ್ಕದ ಊರಿನಲ್ಲಿ ಮನೆ ಮಕ್ಕಳು ಇರುವ ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದಳು. ಕೇಳಿಸಿಕೊಂಡವರು ವೀರಭದ್ರಾಚಾರ್ರು. ಮೂವತ್ತು ವರ್ಷ ಮರಗೆಲಸ ಕಲಿಸಿ, ಕಲಿಸುವವರಿಗೂ ಕಲಿಸಿ, ಈಗ ಜಗಲಿಯ ಮೇಲೆ ಕೂತು ಯಾರಾದರೂ ಮುರಿದ ಕುರ್ಚಿ ತಂದರೆ ಸಂತೋಷಪಡುವ ಮುದುಕರು. ಕಲಿಸುವ ಬಗೆಯಲ್ಲಿ ದಾಕ್ಷಾಯಿಣಿ ಅವರ ಹಳೆಯ ಶಿಷ್ಯೆ.

“ಇಪ್ಪತ್ತೆರಡು ಜನ ಸೇರಿದ್ದರು. ಈಗ ಒಂಬತ್ತು. ಹಬ್ಬ ಅಂತಾರೆ, ನೆಂಟರು ಬಂದರು ಅಂತಾರೆ, ಮಂಡಿನೋವು ಅಂತಾರೆ. ಹೊಗಳಿ ನೋಡಿದೆ, ಗದರಿ ನೋಡಿದೆ. ಇನ್ನೂ ನಾಲ್ಕು ಜನ ಬಿಟ್ಟುಹೋದರೆ ತರಗತಿಯನ್ನೇ ಮುಚ್ಚುತ್ತಾರೆ. ಮನಸ್ಸೇ ಇಲ್ಲದವರಿಗೆ ನಾನೇನು ಮಾಡಲಿ?”

ಅವಳ ತೊಡೆಯ ಮೇಲೆ ಒಂದು ದಪ್ಪ ಪುಸ್ತಕವಿತ್ತು. ಆಚಾರ್ರು ಕೈ ಚಾಚಿ ಇಸಿದುಕೊಂಡರು. ಪುಟ ಪುಟದಲ್ಲೂ ಅಂಗೈಯಗಲದ ರವಿಕೆ, ಲಂಗ, ಜುಬ್ಬ. ಎಲ್ಲವನ್ನೂ ಆ ಹೆಂಗಸರು ಹಳೆಯ ಪೇಪರಿನಲ್ಲಿ ಕತ್ತರಿಸಿ, ಹೊಲಿದು, ಅಂಟಿಸಿದ್ದರು. ದಾಕ್ಷಾಯಿಣಿಯ ತರಗತಿಯಲ್ಲಿ ಮೊದಲ ಆರು ತಿಂಗಳು ಯಾರೂ ಬಟ್ಟೆ ಮುಟ್ಟುವಂತಿರಲಿಲ್ಲ. ಪೇಪರಿನ ಮೇಲೆ ಕೈ ಕೂರಬೇಕು, ಬಟ್ಟೆ ಆಮೇಲೆ. ಅವಳೂ ಹಾಗೆಯೇ ಕಲಿತವಳು. ಒಂದು ಚೂರು ಬಟ್ಟೆಯೂ ಹಾಳಾಗದ ತರಗತಿ ತನ್ನದು ಎಂಬ ಹೆಮ್ಮೆಯೂ ಅವಳಿಗಿತ್ತು.

“ಹೊಲಿಗೆ ನೀಟಾಗಿದೆ” ಎಂದು ಆಚಾರ್ರು ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಮೇಸ್ತ್ರಿಯಿದ್ದ. ಅವನು ಕಟ್ಟಿದ ಗೋಡೆಯ ಪಕ್ಕ ತೂಗುಗುಂಡು ಇಳಿಬಿಟ್ಟರೆ ಮೇಲಿನಿಂದ ಕೆಳಗಿನ ತನಕ ದಾರಕ್ಕೂ ಗೋಡೆಗೂ ಒಂದೇ ಅಂತರ. ನಲವತ್ತು ವರ್ಷ ಕೆಲಸ ಮಾಡಿದ್ದರೂ ಅವನ ಹೆಸರು ಹೇಳುವ ಸೊಟ್ಟ ಗೋಡೆ ಆ ಊರಿನಲ್ಲಿ ಒಂದೂ ಇರಲಿಲ್ಲ. ಬೀದಿಯಲ್ಲಿ ನಡೆಯುವಾಗ ಅವನ ಎದೆ ಸ್ವಲ್ಪ ಮುಂದಿರುತ್ತಿತ್ತು. ಇರಲಿ ಬಿಡಿ, ದುಡಿದು ಗಳಿಸಿದ ಹೆಮ್ಮೆ.

ವಯಸ್ಸಾಗುತ್ತಾ ಬಂದಾಗ, ಈ ವಿದ್ಯೆ ತನ್ನ ಜೊತೆಗೇ ಮಣ್ಣಾಗಬಾರದು ಎಂದು ಅವನಿಗೆ ಅನ್ನಿಸಿತು. ಮನೆಯ ಹಿಂದಿನ ಬಯಲಿನಲ್ಲಿ ಕಲಿಸಲು ಶುರು ಮಾಡಿದ. ಕಲಿಯಲು ಬಂದವರೆಲ್ಲ ಬೆಳೆದವರು. ಒಬ್ಬ ಗಾಡಿ ಹೊಡೆಯುವವನು, ಒಬ್ಬ ಕಾವಲುಗಾರ, ಇನ್ನೂ ಆರೇಳು ಮಂದಿ, ಮತ್ತು ಒಬ್ಬ ಹೆಂಗಸು. ಇಪ್ಪತ್ತು ವರ್ಷ ತಲೆಯ ಮೇಲೆ ಇಟ್ಟಿಗೆ ಹೊತ್ತವಳು. ಆ ಊರಿನಲ್ಲಿ ಹೆಂಗಸರು ಇಟ್ಟಿಗೆ ಹೊರುತ್ತಿದ್ದರು, ಗಾರೆ ಹೊರುತ್ತಿದ್ದರು. ಗಾರೆ ಮೆತ್ತುವ ಕರಣೆಯನ್ನು ಮಾತ್ರ ಯಾರೂ ಅವರ ಕೈಗೆ ಕೊಡುತ್ತಿರಲಿಲ್ಲ. ಅವಳು ಆ ಕರಣೆ ಹಿಡಿಯಬೇಕೆಂದೇ ಬಂದಿದ್ದಳು. ಮೇಸ್ತ್ರಿ ಇಲ್ಲವೆನ್ನಲಿಲ್ಲ. ಅಷ್ಟರಮಟ್ಟಿಗೆ ಅವನು ದೊಡ್ಡ ಮನುಷ್ಯ.

ಅವನ ಕಲಿಕೆಯಲ್ಲಿ ಒಂದು ಕಟ್ಟುಪಾಡಿತ್ತು. ಗಾರೆಯ ಬದಲು ಬರೀ ಕೆಸರಿನಲ್ಲಿ ಗೋಡೆ ಕಟ್ಟಬೇಕು. ಸಂಜೆಯಾದರೆ ಕಟ್ಟಿದವರೇ ಅದನ್ನು ಕೆಡವಬೇಕು. ಇಟ್ಟಿಗೆಗೆ ಮೆತ್ತಿದ ಕೆಸರು ಕೆರೆದು, ತೊಳೆದು, ಮೂಲೆಯಲ್ಲಿ ಪೇರಿಸಿ ಮನೆಗೆ ಹೋಗಬೇಕು. ಮಾರನೆಯ ದಿನ ಅದೇ ಇಟ್ಟಿಗೆಯಲ್ಲಿ ಮತ್ತೆ ಗೋಡೆ. ಅವನ ಗುರುವೂ ಹಾಗೆಯೇ ಕಲಿಸಿದ್ದ. ಇದರಿಂದ ಇಟ್ಟಿಗೆ ಉಳಿಯುತ್ತದೆ ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ. ಇನ್ನೊಂದು ಕಾರಣವಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಕಲಿಯುವವರ ಗೋಡೆ ಸೊಟ್ಟಗಿರುತ್ತದೆ. ನಿಂತರೆ ನಾಲ್ಕು ಜನ ನೋಡುತ್ತಾರೆ. ನೋಡಿದವರು, ಇವರು ಯಾರ ಶಿಷ್ಯರು ಎಂದು ಕೇಳುತ್ತಾರೆ.

ಮೊದಲ ತಿಂಗಳು ಎಲ್ಲರೂ ಹುರುಪಿನಿಂದ ಬಂದರು. ಎರಡನೆಯ ತಿಂಗಳು ಗಾಡಿಯವನ ಎತ್ತಿಗೆ ದಿನ ಬಿಟ್ಟು ದಿನ ಹುಷಾರು ತಪ್ಪತೊಡಗಿತು. ನಾಲ್ವರು ಬರುವುದನ್ನೇ ನಿಲ್ಲಿಸಿದರು. ಮೇಸ್ತ್ರಿ ಬೆಲ್ಲ, ಹುರಿಗಡಲೆ ಹಂಚಿದ. ತಿಂದರು. ತಡವಾಗಿ ಬಂದವರನ್ನು ಬೈದ. ಬೈಸಿಕೊಂಡರು. ತಾನು ಚಿಕ್ಕಂದಿನಲ್ಲಿ ಎಷ್ಟು ಕಷ್ಟಪಟ್ಟು ಕಲಿತೆ ಎಂದು ಉದ್ದಕ್ಕೆ ಹೇಳಿದ. ಅರ್ಧದಲ್ಲೇ ಕಾವಲುಗಾರನಿಗೆ ನಿದ್ದೆ ಬಂತು. ಇವರಿಗೆಲ್ಲ ಆಸೆಯೇ ಇಲ್ಲ ಎಂದು ಮೇಸ್ತ್ರಿ ತೀರ್ಮಾನಿಸಿದ.

ಮೂರನೆಯ ತಿಂಗಳ ಕೊನೆಗೆ ಒಂದು ಸಂಜೆ ಆ ಹೆಂಗಸು ಗೋಡೆ ಕೆಡವಲಿಲ್ಲ. ಕರಣೆಯನ್ನು ತೊಳೆದು, ಸೆರಗಿನಲ್ಲಿ ಒರೆಸಿ, ಮೇಸ್ತ್ರಿಯ ಮುಂದಿಟ್ಟು ಕೈಮುಗಿದಳು. ಉಳಿದವರೆಲ್ಲರಿಗಿಂತ ಅವಳ ಕೈ ಚೆನ್ನಾಗಿತ್ತು. ಮೇಸ್ತ್ರಿ ಕೇಳಿದ.

“ಯಾಕಮ್ಮಾ? ಈಗ ತಾನೇ ಕೈ ಕೂರ್ತಾ ಇದೆ.”

“ಇಪ್ಪತ್ತು ವರ್ಷ ಹೊತ್ತೆ ಮೇಸ್ತ್ರಿಗಳೇ. ಹೊತ್ತಿದ್ದು ಎಲ್ಲೋ ಒಂದು ಕಡೆ ನಿಂತೈತೆ. ಈ ಛತ್ರದ ಗೋಡೆಗೆ ಇಟ್ಟಿಗೆ ಹೊತ್ತೋಳು ನಾನೇ ಅಂತ ನನ್ನ ಮಗಳಿಗೆ ತೋರಿಸ್ತೀನಿ. ನಿಮ್ಮ ಹತ್ರ ಮೂರು ತಿಂಗಳು ಕಟ್ಟಿದೆ. ಅವಳು ದಿನಾ ಕೇಳ್ತಾಳೆ, ಇವತ್ತು ಏನು ಕಟ್ಟಿದ್ಯವ್ವಾ ಅಂತ. ತೋರಿಸೋಕೆ ಒಂದಿಟ್ಟಿಗೆ ಇಲ್ಲ. ನಾಳೆಯಿಂದ ಹೊರೋಕೇ ಹೋಗ್ತೀನಿ.”

ಅವಳು ಹೊರಟುಹೋದಳು. ಅವಳ ಗೋಡೆ ನಿಂತಿತ್ತು. ಹಸಿ ಕೆಸರು, ಒದ್ದರೆ ಬೀಳುತ್ತದೆ. ಮೇಸ್ತ್ರಿ ಒದೆಯಲು ಕಾಲೆತ್ತಿದ. ಏನನ್ನಿಸಿತೋ, ಕಾಲಿಳಿಸಿ ತೂಗುಗುಂಡು ಇಳಿಬಿಟ್ಟು ನೋಡಿದ. ಮೂರನೆಯ ಸಾಲಿನಲ್ಲಿ ಗೋಡೆ ಒಂದು ಬೆರಳು ಹೊರಗೆ ಬಂದಿತ್ತು. ನಾಲ್ಕನೆಯ ಸಾಲಿನಿಂದ ಅವಳು ಅದನ್ನು ಚೂರು ಚೂರೇ ಒಳಗೆಳೆದಿದ್ದಳು. ಎಂಟನೆಯ ಸಾಲು ಮೊದಲ ಸಾಲಿನ ನೇರಕ್ಕೆ ಬಂದು ನಿಂತಿತ್ತು. ಇದನ್ನು ಅವನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ಮೂರು ತಿಂಗಳಲ್ಲಿ ಅವಳ ಗೋಡೆಗೆ ಅವನು ಗುಂಡು ಹಿಡಿದು ನೋಡಿದ್ದೂ ಇದೇ ಮೊದಲು. ಹೇಗೂ ಕೆಡವುವ ಗೋಡೆಯಲ್ಲವೇ ಎಂದು ಅವನೂ ಮೇಲೆ ಮೇಲೆ ನೋಡಿ ಹೋಗುತ್ತಿದ್ದ. ಆ ಸಂಜೆ ಮೇಸ್ತ್ರಿಗೆ ನಾಚಿಕೆಯಾಯಿತು.

ಅದೇ ವಾರ ಊರಬಾವಿಗೆ ಒಂದು ಕರು ಬಿತ್ತು. ಹೇಗೋ ಮೇಲೆತ್ತಿದರು. ಇವತ್ತು ಕರು, ನಾಳೆ ಮಗು ಎಂದು ಊರಿನವರು ಹೆದರಿ, ಬಾವಿಯ ಸುತ್ತ ಗೋಡೆ ಕಟ್ಟಿಕೊಡು ಎಂದು ಮೇಸ್ತ್ರಿಯ ಮನೆಗೆ ಬಂದರು. ನನ್ನ ಶಿಷ್ಯರು ಕಟ್ಟುತ್ತಾರೆ ಎಂದ ಮೇಸ್ತ್ರಿ. ಬಂದವರಲ್ಲಿ ಒಬ್ಬ ವರ್ತಕನಿದ್ದ. ಅವನಿಗೆ ನಗು ಬಂತು.

“ಕಲಿಯೋರ ಕೈಲಿ ಬಾವಿ ಗೋಡೆಯಾ? ಸೊಟ್ಟಗಾದ್ರೆ ನಿನ್ನ ಹೆಸರೇನಾಗ್ಬೇಕು ಮಾರಾಯ?”

“ಸೊಟ್ಟಗಾದರೆ ಅದಕ್ಕೂ ನನ್ನ ಹೆಸರೇ ಹೇಳಿ” ಎಂದ ಮೇಸ್ತ್ರಿ. ನಲವತ್ತು ವರ್ಷ ಕಾಪಾಡಿಕೊಂಡು ಬಂದದ್ದನ್ನು ಐದಾರು ಜನರ ಕೈಗೆ ಕೊಟ್ಟುಬಿಟ್ಟಿದ್ದ.

ಮೊದಲು ಅವನು ಆ ಹೆಂಗಸು ಇಟ್ಟಿಗೆ ಹೊರುತ್ತಿದ್ದ ಕಡೆಗೆ ತಾನೇ ನಡೆದುಹೋದ. ತಲೆಯ ಮೇಲೆ ಹೊರೆಯಿದ್ದ ಹಾಗೇ ನಿಂತವಳಿಗೆ ಕರಣೆ ಚಾಚಿ, ಈ ಗೋಡೆ ಕೆಡವುವುದಿಲ್ಲ ಎಂದ. ಅವಳು ಹೊರೆ ಇಳಿಸಿ, ತಲೆಯ ಮೇಲೆ ಸುತ್ತಿಟ್ಟಿದ್ದ ಸಿಂಬಿ ಬಟ್ಟೆ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅವನ ಹಿಂದೆ ಬಂದಳು.

ಬಾವಿಯ ಬಳಿ ಮೇಸ್ತ್ರಿ ಎಲ್ಲರನ್ನೂ ನಿಲ್ಲಿಸಿ ಎರಡೇ ಮಾತು ಹೇಳಿದ. ಈ ಸಲ ಕೆಸರಿಲ್ಲ, ಸುಣ್ಣದ ಗಾರೆ. ನೆಟ್ಟಗೆ ಕಟ್ಟಿದರೆ ನೆಟ್ಟಗೆ, ಸೊಟ್ಟಗೆ ಕಟ್ಟಿದರೆ ಸೊಟ್ಟಗೆ, ನಿಮ್ಮ ಮೊಮ್ಮಕ್ಕಳ ಕಾಲದವರೆಗೆ ನಿಂತಿರುತ್ತದೆ.

ಮಾರನೆಯ ದಿನ ಅವನು ಬರುವ ಹೊತ್ತಿಗೆ ಎಲ್ಲರೂ ಬಂದಿದ್ದರು. ಗಾಡಿಯವನ ಎತ್ತಿಗೆ ಇದ್ದಕ್ಕಿದ್ದಂತೆ ಗುಣವಾಗಿತ್ತು. ಬಿಟ್ಟು ಹೋಗಿದ್ದ ನಾಲ್ವರು ದೂರದಲ್ಲಿ ನಿಂತು, ನಮಗೂ ಒಂದು ಮೂಲೆ ಸಿಗುತ್ತದೆಯೇ ಎಂದು ತಲೆ ಕೆರೆಯುತ್ತಿದ್ದರು. ಇದ್ದದ್ದು ಒಂದೇ ತೂಗುಗುಂಡು, ಅದಕ್ಕಾಗಿ ಜಗಳವೇ ಆಯಿತು. ಮೂರು ತಿಂಗಳು ಮೇಸ್ತ್ರಿ ಹೇಳಿ ಹೇಳಿ ಸೋತಿದ್ದನ್ನೆಲ್ಲ ಈಗ ಅವರೇ ಬೆನ್ನು ಹತ್ತಿ ಕೇಳತೊಡಗಿದರು. ಅವನಿಗೆ ಉಣ್ಣಲು ಬಿಡುವಿಲ್ಲದಂತಾಯಿತು.

ಮೂರನೆಯ ದಿನ ಆ ಹೆಂಗಸು ತಾನು ಬೆಳಗಿನಿಂದ ಕಟ್ಟಿದ ಎರಡು ಸಾಲನ್ನು, ಗಾರೆ ಬಿಗಿಯುವ ಮೊದಲೇ, ತಾನೇ ಕಿತ್ತು ಕೆಳಗಿಟ್ಟಳು. ಮೇಸ್ತ್ರಿ ಓಡಿಬಂದ. ಗುಂಡು ಹಿಡಿದು ನೋಡಿದರೆ ದಾರದ ದಪ್ಪದಷ್ಟು ವ್ಯತ್ಯಾಸ. ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅವಳು ಇಟ್ಟಿಗೆಗೆ ಮೆತ್ತಿದ್ದ ಗಾರೆ ಕೆರೆಯುತ್ತಾ, ತಲೆಯನ್ನೂ ಎತ್ತದೆ ಮತ್ತೆ ಮೊದಲಿಂದ ಶುರು ಮಾಡಿದಳು. ಅವಳಿಗೆ ಕೆಡವು ಎಂದು ಯಾರೂ ಹೇಳಿರಲಿಲ್ಲ.

ಹನ್ನೊಂದು ದಿನಕ್ಕೆ ಬಾವಿಯ ನಾಲ್ಕೂ ಪಕ್ಕ ಗೋಡೆ ಎದ್ದಿತು. ಊರೆಲ್ಲ ನೋಡಲು ಬಂತು. ಮೂರು ಪಕ್ಕ ನೆಟ್ಟಗಿದ್ದವು. ಪಡುವಣ ಪಕ್ಕದಲ್ಲಿ ಒಂದು ಕಡೆ ಸಣ್ಣ ಹೊಟ್ಟೆ ಬಂದಿತ್ತು. ವರ್ತಕ ಅದನ್ನೇ ಹುಡುಕಿ ಬೆರಳು ತೋರಿಸಿದ. ಮೇಸ್ತ್ರಿ ಬಾಯಿ ತೆರೆಯುವ ಮೊದಲೇ ಗಾಡಿಯವನು ಮುಂದೆ ಬಂದು ಎದೆ ಸೆಟೆಸಿ ನಿಂತ.

“ಅದು ನಂದು ಸಾವ್ಕಾರ್ರೇ. ನನ್ನ ಮೊದಲ್ನೇ ಗೋಡೆ. ಎರಡನೇದನ್ನ ನೋಡೋಕೆ ಬನ್ನಿ.”

ಮೂಡಣ ಪಕ್ಕದಲ್ಲಿ ಆ ಹೆಂಗಸು ಮಗಳ ಕೈ ಹಿಡಿದು ಗೋಡೆಯ ಮೇಲಿಟ್ಟಳು. “ಇದು ನಾನು ಕಟ್ಟಿದ್ದು” ಎಂದಳು. ಮಗಳು ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿಕೊಂಡು ಹೋದಳು. ದೂರದಲ್ಲಿ ನಿಂತಿದ್ದ ಮೇಸ್ತ್ರಿಗೆ ಕಣ್ಣು ತುಂಬಿ ಬಂತು. ನಲವತ್ತು ವರ್ಷದ ತನ್ನ ಯಾವ ಗೋಡೆಯ ಮುಂದೆಯೂ ಅವನು ಅಷ್ಟು ಬೀಗಿರಲಿಲ್ಲ. ಆ ಹೊಟ್ಟೆ ಬಂದ ಗೋಡೆಯನ್ನೂ ಸೇರಿಸಿ ಬೀಗಿದ.

ಆಚಾರ್ರು ಕತೆ ಮುಗಿಸಿದರು. ದಾಕ್ಷಾಯಿಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಪುಣ್ಯವಂತ ಮೇಸ್ತ್ರಿ, ಆಚಾರ್ರೇ. ಅವನಿಗೆ ಬಾವಿ ಸಿಕ್ಕಿತು. ನಮ್ಮದು ಬರೀ ಹೊಲಿಗೆ. ನಮ್ಮ ಹೆಂಗಸರಿಗೆ ಅಂಥ ಬಾವಿಯನ್ನು ನಾನೆಲ್ಲಿಂದ ತರಲಿ?”

ಆಚಾರ್ರು ಪಕ್ಕದಲ್ಲಿದ್ದ ದಪ್ಪ ಪುಸ್ತಕವನ್ನೆತ್ತಿ ಅವಳ ತೊಡೆಯ ಮೇಲೆ ಮತ್ತೆ ಇಟ್ಟರು.

“ಇಲ್ಲಿಯವರೆಗೆ ಅವರು ಹೊಲಿದದ್ದನ್ನು ಯಾರು ತೊಟ್ಟಿದ್ದಾರೆ, ದಾಕ್ಷಾಯಿಣಿ?”