ನಡೆಯುವವರ ಬೀದಿ ಮತ್ತು ಸಿಗ್ನಲ್ ದೀಪ

ಗೆರೆ ಎಳೆದು ಕಟ್ಟಿದ ಹೊಸ ರಾಜಧಾನಿಯ ನಡುವೆ ನಡೆಯುವವರಿಗೆಂದೇ ಒಂದು ವಿಶಾಲವಾದ ಬೀದಿಯಿತ್ತು. ಅದರ ತುದಿಯಲ್ಲಿದ್ದ ಸಿಗ್ನಲ್ ದೀಪಕ್ಕೆ ಬಲು ಬಿಂಕ.

"ನಾನು ಕೆಂಪಾದರೆ ಮಂತ್ರಿಯ ಕಾರೂ ನಿಲ್ಲುತ್ತದೆ. ನಿನಗೆ ಯಾರನ್ನು ನಿಲ್ಲಿಸುವ ಅಧಿಕಾರವಿದೆ?" ಎಂದು ಅದು ಕೇಳಿತು.

"ಯಾರನ್ನೂ ಇಲ್ಲ," ಎಂದಿತು ಬೀದಿ.

ಅಷ್ಟರಲ್ಲಿ ಬೀದಿಯ ಕಾರಂಜಿಯ ಪಕ್ಕದ ಕಲ್ಲುಬೆಂಚಿನಲ್ಲಿ ಗೆಳತಿಯೊಡನೆ ಕೂತಿದ್ದ ಸುಭದ್ರಮ್ಮ ಎದ್ದರು. "ಬರ್ತೀನಿ ಕಣೇ," ಎಂದು ಗೆಳತಿಗೆ ಹೇಳಿ ಮತ್ತೆ ಕೂತು ಹರಟಿದರು. ಇನ್ನೊಮ್ಮೆ ಎದ್ದು "ಬರ್ತೀನಿ" ಎಂದವರು, ಏನೋ ನೆನಪಾಗಿ ಮತ್ತೆ ಕೂತರು.

"ಹೋಗುವವರು ಬರ್ತೀನಿ ಎನ್ನುತ್ತಾರಲ್ಲ?" ಎಂದಿತು ದೀಪ.

"ನಾಳೆಯೂ ಬರುತ್ತಾರೆ," ಎಂದಿತು ಬೀದಿ.

ದೀಪ ತನ್ನ ಮುಂದೆ ನಿಂತು ಹೋದ ಕಾರುಗಳನ್ನೆಲ್ಲ ನೆನೆಯಿತು. ತಾನು ನಿಲ್ಲಿಸಿದವರಲ್ಲಿ ಒಬ್ಬರೂ ಹಾಗೆ ಹೇಳಿ ಹೋಗಿರಲಿಲ್ಲ.

ಕೊನೆಗೆ ಸುಭದ್ರಮ್ಮ ರಸ್ತೆ ದಾಟಲು ಬಂದಾಗ, ಅದು ಕಾರುಗಳನ್ನೆಲ್ಲ ತಡೆದು, ಮೊದಲ ಸಲ "ಹೋಗಿ ಬನ್ನಿ" ಎಂದಿತು.